ಉಪಯೋಗದ ಪುಸ್ತಕ ಅಂದ್ರ ಯಾವುದ್ರೀ?

ಅಕ್ಕಾರ, ವೈನ್ಯಾರ, ಓಣಿ ಗೆಳತ್ಯಾರ, ಈ ಸಲ ಅಡಗಿ ಮಾತು ಇಲ್ಲ. ಗುರೆಳ್ಳು ಚಟ್ನಿ ಯಾಕ ಕಹಿ ಆಕ್ಕೈತಿ ಅಂತ ಕೇಳಿದವರಿಗೆ ಮುಂದಿನ ಸಲ ಹೇಳತೀನಿ. ಈ ಸಲ ನನಗ ಸಿಟ್ಟು ಬಂದೈತಿ, ಸಿಟ್ಟು ಆರೂದ್ರಾಗ ಬರದು ಮುಗಸಬೇಕು.

ಸಂಗತಿ ಹಿಂಗೈತಿ. ನಮ್ಮ ಓಣಿ ಹೆಣ್ಮಕ್ಕಳ ಸಂಘದಾಗ ಲೆಕ್ಕ ಮುಗಿಸಿದ ಮ್ಯಾಲೆ ಮೂರು ಸಾವಿರ ರೂಪಾಯಿ ಉಳದೈತಿ. ಅದರಾಗ ಪುಸ್ತಕ ತರೂಣು, ಒಂದು ಟ್ರಂಕಿನ್ಯಾಗ ಇಟ್ಟು ಮನಿ ಮನಿಗೆ ತಿರಗಸೂಣು ಅಂತ ಠರಾವು ಆತು. ನವೆಂಬರದಾಗ ರಾಜ್ಯೋತ್ಸವದ ರಿಯಾಯ್ತಿ ಇರತೈತಿ, ಧಾರವಾಡಕ್ಕ ಹೋದವರು ಯಾರರೆ ತರತಾರ. ಯಾದಿ ಬರಿಯೂ ಕೆಲಸ ನನಗ ಬಂತು. ಪಡಸಾಲ್ಯಾಗ ಕುಂತು ಬರ್ಯಾಕತ್ತಿದ್ದೆ. ಅಲ್ಲೇ ಪೇಪರ್ ಓದಕೋಂತ ಕುಂತಿದ್ದ ನಮ್ಮ ಭಾವಾರು ಚಷ್ಮಾ ಹಣಿಗೆ ಏರಿಸಿ ಅಂದ್ರು: "ನೋಡವಾ ತಂಗಿ, ಕಥಿ-ಗಿಥಿ ಬರೀಬ್ಯಾಡ. ರಾಜಾ ರಾಣಿ, ನಾಗಪ್ಪ ಮನಶ್ಯಾ ಆಗೂದು, ಹುಡುಗಿ ಗಿಡ ಆಗೂದು, ಇವನ್ನ ಓದಿ ಏನ್ ಮಾಡತೀರಿ? ರೊಕ್ಕ ಹಾಳು. ಖರೇ ಸಂಗತಿ ಇರೂ ಪುಸ್ತಕ ತರ್ರಿ. ಉಪಯೋಗದ್ದು."

ಭಾವಾರು ಕೆಟ್ಟವರಲ್ಲ. ನಮ್ಮ ಮನ್ಯಾಗ ಪುಸ್ತಕ ಅನ್ನೂದು ಇದ್ರ ಅವರಿಂದನ ಐತಿ, ಇದನ್ನೂ ಬರದಿಡತೀನಿ. ನಾ ಎದರ ಮಾತಾಡಲಿಲ್ಲ. ರೊಟ್ಟಿ ಬಡಿಯೂ ಹೊತ್ತಾಗಿತ್ತು, ಎದ್ದು ಒಳಗ ಹ್ವಾದೆ. ಆವತ್ತಿನ ರೊಟ್ಟಿ ಒಂದೂ ತೆಳ್ಳಗ ಆಗಲಿಲ್ಲ, ಬಡಿಯೂದ್ರಾಗ ಸಿಟ್ಟೆಲ್ಲಾ ಅದರ ಮ್ಯಾಲೆ ಹೋತು.

ಶ್ರಾವಣದಿಂದ ಗೌರಿ ಹುಣ್ಣಿವಿ ತನಕ ನಾ ಏಳೆಂಟು ಪುಸ್ತಕ ಓದೀನಿ. ಕೆಲವು ಕಥಿ, ಕೆಲವು ಖರೇ ಸಂಗತಿ. ಒಂದೂ ನನಗ ಪೂರಾ ಸೇರಿಲ್ಲ, ಒಂದನ್ನೂ ಪೂರಾ ಬಿಡಾಕೂ ಮನಸಿಲ್ಲ. ಆದ್ರ ಕಥಿ ಅಂದ್ರ ಸುಳ್ಳು, ಅನುಭವದ ಪುಸ್ತಕ ಅಂದ್ರ ಖರೇ ಅಂತ ಭಾವಾರು ಹೇಳೂ ಲೆಕ್ಕ ತಪ್ಪೈತಿ. ಆ ತಪ್ಪು ಲೆಕ್ಕ ನಾನೂ ಮಾಡೀನಿ, ಮಾಡಿ ಒಬ್ಬಾಕಿಗೆ ತ್ರಾಸು ಕೊಟ್ಟೀನಿ. ಮದಲ ಅದನ್ನ ಹೇಳತೀನಿ.

ನಮ್ಮ ಅಕ್ಕನ ಮಗಳನ್ನ ಕುಂದಗೋಳ ಕಡೆ ಕೊಟ್ಟೈತಿ. ಹೋದ ವರ್ಷ ಆಕಿ ಸಾಲ ತಗೊಂಡು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಮಾರೂ ಧಂದೆ ಚಾಲೂ ಮಾಡಿದ್ಳು. ನನಗ ಭಾಳ ಖುಷಿ ಆತು. ಬಸ್ ಸ್ಟ್ಯಾಂಡಿನ್ಯಾಗ ಒಂದು ಪುಸ್ತಕ ಕಂಡೆ, ರಟ್ಟಿನ ಮ್ಯಾಲೆ ಕೋಟು ಹಾಕಿದ ಮನಶ್ಯಾ ಗುಡ್ಡದ ತುದಿಗೆ ನಿಂತಿದ್ದ. ಯಶಸ್ಸಿನ ಪುಸ್ತಕ. ಇದು ಕಥಿ ಅಲ್ಲ, ಖರೇ ಸಂಗತಿ, ಉಪಯೋಗ ಆಕ್ಕೈತಿ ಅಂತ ತಗೊಂಡು, ಒಳಗ ಆಶೀರ್ವಾದ ಬರದು, ಕುಪ್ಪಸದ ಕಣದ ಸಂಗಟ ಉಡಿಯೊಳಗ ಹಾಕಿ ಕಳಸಿದೆ.

ಮುಂದ ಆಗಿದ್ದು ನಿಮಗ ಗೊತ್ತಿದ್ದದ್ದ. ರಾಶಿ ಹೊತ್ತಿಗೆ ಮಳಿ ಹಿಡದು ಹೆಸರು ಹೊಲದಾಗ ಮೊಳಕಿ ಒಡೀತು. ರೊಟ್ಟಿ ಒಯ್ದ ಅಂಗಡ್ಯಾಂವ ರೊಕ್ಕಕ್ಕ ಇವತ್ತು ನಾಳೆ ಅಂದ. ಸಾಲದ ಕಂತು ಮಾತ್ರ ಇವತ್ತು ನಾಳೆ ಅನ್ನಲಿಲ್ಲ. ಧಂದೆ ನಿಂತಿತು. ಆಕಿ ಪಂಚಮಿಗೂ ಬರಲಿಲ್ಲ, ದಸರಾಕ್ಕೂ ಬರಲಿಲ್ಲ. ಫೋನ್ ಹಚ್ಚಿದ್ರ "ಕೆಲಸ ಭಾಳೈತಿ ಚಿಗವ್ವಾ" ಅಂತಿದ್ಳು. ಕಡಿಗೆ ನಾನ ಹ್ವಾದೆ. ಆಕಿ ನೀರು ತರಾಕ ಹೋದಾಗ ಆ ಪುಸ್ತಕ ಗೂಡಿನ್ಯಾಗ ಇದ್ದದ್ದು ಕಂಡು ತಗದು ನೋಡಿದೆ. ಬಡತನ ಇರೂದು ನಿನ್ನ ವಿಚಾರದೊಳಗ, ಸೋತವರು ಸೋಲನ್ನ ತಾವ ಬೇಡಿಕೊಂಡಿರತಾರ, ನೆಪ ಹೇಳಬ್ಯಾಡ ಅಂತ ಬರದಿದ್ದ ಪುಟದಾಗ ಆಕಿ ಬಾಜೂಕ ಪೆನ್ಸಿಲ್ಲೆ ಗೀರು ಎಳದಿದ್ಳು. ಗೀರಿನ ಮಗ್ಗಲಕ ಸಣ್ಣ ಅಕ್ಷರದಾಗ "ನಾನು ಆಲಸಿ" ಅಂತ ಬರದಿದ್ಳು.

ನಾಕು ಗಂಟೇಕ ಎದ್ದು, ದನಾ ಕಟ್ಟಿ, ಹೆಂಡಿ ಬಳದು, ಇಬ್ಬರು ಹುಡುಗರನ್ನ ಸಾಲಿಗೆ ಕಳಿಸಿ, ದಿನಕ್ಕ ನೂರು ನೂರೈವತ್ತು ರೊಟ್ಟಿ ಬಡದ ಹೆಣಮಗಳು ಆಲಸಿ! ಮಳಿ ಆಲಸಿ ಅಲ್ಲ, ಅಂಗಡ್ಯಾಂವ ಆಲಸಿ ಅಲ್ಲ, ಹೆಸರಿಗೆ ರೇಟು ಇಳಿಸಿದಾಂವ ಆಲಸಿ ಅಲ್ಲ. ಆ ಪುಸ್ತಕದಾಗ ಮಳಿನ ಇಲ್ಲ ನೋಡ್ರಿ. ನಾ ಪೂರಾ ಹುಡುಕಿದೆ. ಇನ್ನೂರು ಚಿಲ್ಲರೆ ಪುಟದಾಗ ಒಂದು ಹನಿ ಮಳಿ ಇಲ್ಲ, ಒಂದು ಬ್ಯಾನಿ ಇಲ್ಲ, ಒಬ್ಬ ಅತ್ತಿ ಇಲ್ಲ, ಒಂದು ಕೂಸು ಅಳೂದಿಲ್ಲ. ಇಂಥಾ ಊರು ಭೂಮಿ ಮ್ಯಾಲೆ ಎಲ್ಲೈತಿ? ಇದಕ್ಕಿಂತ ದೊಡ್ಡ ಮಾಯಾದ ಕಥಿ ಯಾವ ಅಜ್ಜಿ ಕಟ್ಟ್ಯಾಳ?

ಆವತ್ತಿಂದ ಯಾವ ಪುಸ್ತಕ ಕೈಯಾಗ ಬಂದ್ರೂ ನಾ ಒಂದ ಮಾತು ಕೇಳತೀನಿ. ಇದು ತಪ್ಪು ಯಾರ ಮ್ಯಾಲೆ ಹೊರಸ್ತೈತಿ?

ಭಾವಾರಿಗೆ ಈ ಪ್ರಶ್ನಿ ತಿಳೀಬೇಕು, ಯಾಕಂದ್ರ ಅವರು ನವಲಗುಂದ ತಾಲೂಕಿನ ರೈತರು. ಅವರ ಕಪಾಟಿನ್ಯಾಗನ ಬಂಡಾಯದ ಬಗ್ಗೆ ಒಂದು ಹಳೇ ಪುಸ್ತಿಕೆ ಐತಿ, ರಟ್ಟು ಹರದು ಹೋಗೇತಿ. ಈ ಮಳಿಗಾಲದಾಗ ಅದನ್ನೂ ಓದಿದೆ. ನಮ್ಮ ಹುಡುಗರಿಗೆ ಗೊತ್ತಿಲ್ಲ ಅಂತ ಹೇಳತೀನಿ. ಮಲಪ್ರಭಾ ಕಾಲುವಿ ಆತು, ನೀರು ಎಷ್ಟೋ ಹೊಲಕ್ಕ ಮುಟ್ಟಲಿಲ್ಲ, ಆದ್ರ ನೀರಿನಿಂದ ನಿಮ್ಮ ಭೂಮಿ ಸುಧಾರಿಸೇತಿ ಅಂತ ಅಭಿವೃದ್ಧಿ ಕರ ಮಾತ್ರ ಮುಟ್ಟಿತು. 1980ರ ಜುಲೈ 21ಕ್ಕ ನವಲಗುಂದದಾಗ, ನರಗುಂದದಾಗ ರೈತರು ಎದ್ದರು. ನವಲಗುಂದದಾಗ ಪೊಲೀಸರ ಗುಂಡಿಗೆ ಬಸಪ್ಪ ಲಕ್ಕುಂಡಿ ಸತ್ತರು, ನರಗುಂದದಾಗ ಈರಪ್ಪ ಕಡ್ಲಿಕೊಪ್ಪ. ಇವತ್ತಿಗೂ ಜುಲೈ 21ಕ್ಕ ಹುತಾತ್ಮರ ದಿನ ಮಾಡತಾರ. ಆವತ್ತು ಎದ್ದವರ ಕೈಯಾಗ ನಾ ಕೊಟ್ಟಂಥಾ ಯಶಸ್ಸಿನ ಪುಸ್ತಕ ಇದ್ದಿದ್ರ ಏನಾಕ್ಕಿತ್ತು ವಿಚಾರ ಮಾಡ್ರಿ. ನಮ್ಮ ಬಡತನ ನಮ್ಮ ವಿಚಾರದಾಗ ಐತಿ ಅಂತ ಮನ್ಯಾಗ ಕುಂತು ಕರ ತುಂಬತಿದ್ರು.

ಪುಸ್ತಿಕೆ ತಪ್ಪನ್ನ ಸರಿಯಾದ ಜಾಗಾಕ್ಕ ಹೊರಸೇತಿ. ಅದಕ್ಕ ನಾ ಅದನ್ನ ಯಾದ್ಯಾಗ ಬರದೀನಿ. ಆದ್ರ ಜಗಳನೂ ಐತಿ. ಮದಲ ಪುಟದಿಂದ ಕಡೀ ಪುಟದ ತನಕ ಗಣಸರ ಹೆಸರು. ಹೆಣ್ಮಕ್ಕಳು ಆವತ್ತು ಎಲ್ಲಿದ್ರು? ಪುಸ್ತಕ ಓದಿದ ಮ್ಯಾಲೆ ನಮ್ಮ ಅತ್ತಿಯವರನ್ನ ಕೇಳಿದೆ. ಅವರು ಆಗ ಹೊಸ್ತಾಗಿ ಈ ಮನಿಗೆ ನಡಿಯಾಕ ಬಂದಿದ್ರು. "ಪೊಲೀಸ್ರು ಬರತಾರಂತ ಗಣಸರು ರಾತ್ರಿ ಹಳ್ಳದ ಕಡೆ ಮಲಗತಿದ್ರು. ನಾವು ಹುಲ್ಲಿನ ಹೊರಿಯೊಳಗ ರೊಟ್ಟಿ ಗಂಟು ಇಟ್ಟು ಒಯ್ಯತಿದ್ದಿವಿ. ದೀಪ ಹಚ್ಚತಿದ್ದಿಲ್ಲ" ಅಂದ್ರು. ನಾ ಈ ಮನಿಗೆ ಬಂದು ಇಪ್ಪತ್ತೆರಡು ವರ್ಷ ಆತು. ಈ ಮಾತು ಯಾವತ್ತೂ ಬಂದಿದ್ದಿಲ್ಲ. ಖರೇ ಸಂಗತಿ ಪುಸ್ತಕ ಅಂದ್ರಲ್ಲ ಭಾವಾರ, ಆ ರೊಟ್ಟಿ ಗಂಟು ಖರೇ ಅಲ್ಲೇನ್ರಿ?

ಇನ್ನ ಹುಡುಗಿ ಗಿಡ ಆಗೂ ಕಥಿಗೆ ಬರೂಣು. ಭಾವಾರು ನಕ್ಕಿದ್ದು ಅದಕ್ಕ.

ಈ ಕಥಿ ಎ.ಕೆ. ರಾಮಾನುಜನ್ ಅವರು ಕೂಡಿಸಿದ್ದು. ಮೈಸೂರಿನವರು, 1950ರ ದಶಕದಾಗ ಬೆಳಗಾವ್ಯಾಗ ಕಾಲೇಜಿನ್ಯಾಗ ಕಲಸತಿದ್ರು, ಆಮ್ಯಾಲೆ ಶಿಕಾಗೋಕ್ಕ ಹ್ವಾದ್ರು. ನಮ್ಮ ಕಡೆ ಹೆಣ್ಮಕ್ಕಳ ಬಾಯಿಂದ ಕಥಿ ಕೇಳಿ ಬರಕೊಂಡವರು. ಕಥಿ ಗೊತ್ತಿಲ್ಲದವರಿಗೆ ಹೇಳತೀನಿ. ಬಡವಿ ಮುದುಕಿಗೆ ಇಬ್ಬರು ಹೆಣ್ಣುಮಕ್ಕಳು. ಸಣ್ಣಾಕಿಗೆ ಒಂದು ವಿದ್ಯೆ ಗೊತ್ತು. ಒಂದು ಕೊಡ ನೀರು ಮೈಮ್ಯಾಲೆ ಹೊಯ್ದ್ರ ಹೂವಿನ ಗಿಡ ಆಕ್ಕಾಳ, ಇನ್ನೊಂದು ಕೊಡ ಹೊಯ್ದ್ರ ಮತ್ತ ಹುಡುಗಿ. ಅಕ್ಕಗ ಹೇಳತಾಳ: ಹೂ ಹಗೂರಕ ಹರಿ, ಟೊಂಗಿ ಮುರೀಬ್ಯಾಡ, ಎಲಿ ಹರೀಬ್ಯಾಡ. ಹೂ ಮಾರಿ ಮನಿ ನಡಸ್ತಾರ. ಅರಸನ ಮಗ ಕದ್ದು ನೋಡತಾನ, ಮದಿವಿ ಆಕ್ಕಾನ, ಮದಿವಿ ಆದ ಮ್ಯಾಲೆ ನೀ ಗಿಡ ಆಗು ಅಂತ ಹಟಾ ಹಿಡೀತಾನ. ಹಾಸಿಗಿ ತುಂಬ ಹೂ. ಬಾಡಿದ ಹೂವಿನ ರಾಶಿ ನಾದುನಿ ಕಣ್ಣಿಗೆ ಬೀಳತೈತಿ. ಆಕಿ ತನ್ನ ಗೆಳತ್ಯಾರ ಸಂಗಟ ತ್ವಾಟಕ್ಕ ಕರಕೊಂಡು ಹೋಗಿ ಗಿಡ ಮಾಡಸ್ತಾಳ. ಹುಡಿಗ್ಯಾರು ಸಿಕ್ಕಂಗ ಕಿತ್ತು, ಟೊಂಗಿ ಮುರದು, ಮಳಿ ಗಾಳಿ ಬಂತಂತ ಎರಡನೇ ಕೊಡ ನೀರು ಹ್ಯಾಂಗರೆ ಸುರುವಿ ಓಡಿ ಹೋಗತಾರ. ಆಕಿ ಕೈಯಿಲ್ಲದ, ಕಾಲಿಲ್ಲದ ಅರ್ಧ ಮೈಯಾಗಿ ಗಟಾರದಾಗ ಬೀಳತಾಳ.

ಮುಂಜಾನೆ ಆ ದಾರಿಗೆ ಹತ್ತಿ ಬಂಡಿ ಬರತಾವು. ಹತ್ತಿ ಬಂಡಿ! ಓದಿ ನಾ ಎದ್ದು ಕುಂತೆ. ನಮ್ಮ ಎರಿ ಹೊಲದ ಹತ್ತಿ ಬಂಡೀನ ಇರಬೇಕು ಅಂತ ನನ್ನ ಮನಸ್ಸು ಹೇಳತೈತಿ, ಪಂಡಿತರು ಏನರೆ ಅನ್ನಲಿ. ಬಂಡಿ ಹೊಡಿಯಾಂವ ಆಕಿ ನರಳೂದು ಕೇಳಿ, ಎತ್ತಿ ಬಂಡ್ಯಾಗ ಹಾಕ್ಕೊಂಡು, ಮುಂದಿನ ಊರಾಗ ನೆರಳಿಗೆ ಇಳಿಸಿ ಹೋಗತಾನ. ಕಡಿಗೆ ಗಂಡಗ ಗುರುತು ಸಿಗತೈತಿ. ಅಂವ ಮತ್ತ ನೀರು ಹೊಯ್ದು, ಆಕಿ ಗಿಡ ಆದಾಗ ಮುರದ ಟೊಂಗಿ, ಎಲಿ ಒಂದೊಂದಾಗಿ ಹಚ್ಚಿ, ಎರಡನೇ ಕೊಡ ನೀರು ಹೊಯ್ದು ಆಕೀನ್ನ ಪೂರಾ ಮನಶ್ಯಾಳನ್ನ ಮಾಡತಾನ.

ಈಗ ಹೇಳ್ರಿ, ಇದರಾಗ ಯಾವುದು ಸುಳ್ಳು? ನೀರು ಹೊಯ್ದ್ರ ಗಿಡ ಆಗೂದು ಸುಳ್ಳು, ಒಪ್ಪಿದೆ. ಉಳದದ್ದು? ಆಕಿ ಕೈಯಾಗಿನ ವಿದ್ಯೆ ತವರಮನ್ಯಾಗ ಹೊಟ್ಟಿ ತುಂಬಿಸ್ತು, ಗಂಡನ ಮನ್ಯಾಗ ತೋರಿಸೂ ಆಟ ಆತು. ತವರಾಗ ಅಕ್ಕ ಹಗೂರಕ ಹರೀತಿದ್ಳು, ಇಲ್ಲಿ ಎಲ್ಲಾರೂ ಕೀಳಾವ್ರ. ಮುರಿದು ಬಿದ್ದಾಗ ಯಾರೂ ನೋಡಿಲ್ಲ. ನಮ್ಮ ಓಣ್ಯಾಗ ಇಂಥಾ ಗಿಡ ಎಷ್ಟು ಅದಾವು ಎಣಸ್ರಿ. ಕಸೂತಿ ಬಲ್ಲಾಕಿ, ಹಾಡು ಬಲ್ಲಾಕಿ, ಲೆಕ್ಕ ಬಲ್ಲಾಕಿ. ಮತ್ತ ಕಥಿ "ಗಿಡ ಆಗಿದ್ದು ನಿಂದ ತಪ್ಪು" ಅಂತ ಒಂದು ಕಡೆನೂ ಹೇಳೂದಿಲ್ಲ. ನಾದುನಿ ಮುರದ್ಳು, ಗಂಡ ಹಟಾ ಮಾಡಿದ ಅಂತನ ಹೇಳತೈತಿ. ಈ ಕಥಿ ನಾ ಅಕ್ಕನ ಮಗಳಿಗೆ ಹೇಳಿದೆ. ಮುರದ ಟೊಂಗಿ ಹಚ್ಚೂ ಜಾಗಾಕ್ಕ ಬಂದಾಗ ಆಕಿ ಅಳಾಕ ಸುರು ಮಾಡಿದ್ಳು, ನಾನೂ ಅತ್ತೆ. ಇಬ್ಬರೂ ಚಹಾ ಕುಡದಿವಿ. ಯಶಸ್ಸಿನ ಪುಸ್ತಕಕ್ಕ ಆಗದ ಉಪಯೋಗ ಅದು.

ಹಂಗಂತ ಕಥಿ ಅಂದ ಕೂಡಲೇ ನಾ ಕೈ ಮುಗಿಯೂದಿಲ್ಲ. ಗಿರೀಶ ಕಾರ್ನಾಡರ 'ನಾಗಮಂಡಲ' ಓದಿದೆ. ಅದೂ ರಾಮಾನುಜನ್ ಅವರಿಂದ ಕೇಳಿದ ಜನಪದ ಕಥಿನ. ಅಪ್ಪಣ್ಣ ಹೆಂಡ್ತಿ ರಾಣೀನ್ನ ಮನ್ಯಾಗ ಹಾಕಿ ಕೀಲಿ ಜಡದು ಸೂಳಿ ಮನಿಗೆ ಹೋಗತಾನ. ರಾತ್ರಿ ನಾಗಪ್ಪ ಗಂಡನ ರೂಪದಾಗ ಬರತಾನ. ಬಸರಾದ ಮ್ಯಾಲೆ ಊರು ಕೂಡತೈತಿ, ರಾಣಿ ಹುತ್ತದಾಗ ಕೈ ಹಾಕಿ ಆಣಿ ಮಾಡತಾಳ, ಹಾವು ಕಡಿಯೂದಿಲ್ಲ, ಹೆಡಿ ಎತ್ತಿ ನೆರಳಾಕ್ಕೈತಿ. ಊರವರು ದೇವಿ ಅಂತ ಕಾಲಿಗೆ ಬೀಳತಾರ. ಸಿನಿಮಾ ಬಂದಾಗ ನಾವೆಲ್ಲಾ ನೋಡಿ ಚಪ್ಪಾಳಿ ಹೊಡದಿದ್ದಿವಿ. ಈಗ ಓದಿ ನನಗ ಉರೀತು. ಹುತ್ತದಾಗ ಕೈ ಹಾಕಬೇಕಾದಾಂವ ಯಾರು? ಕೀಲಿ ಹಾಕಿದಾಂವ ತನ್ನ ರಾತ್ರಿ ಲೆಕ್ಕ ಯಾರಿಗೂ ಕೊಡಲಿಲ್ಲ. ಪರೀಕ್ಷಾ ಆಕಿಗಷ್ಟ. ಪಾಸಾದ್ರ ದೇವಿ, ನಪಾಸಾದ್ರ ಹೆಣಾ. ಇವೆರಡರ ನಡುವ ಸಾದಾ ಹೆಣಮಗಳಾಗಿ ಬದುಕೂ ಜಾಗ ಆಕಿಗೆ ಯಾರೂ ಬಿಡಲಿಲ್ಲ. ಕಾರ್ನಾಡರಿಗೂ ಇದು ಚುಚ್ಚಿತ್ತು ಅಂತ ಅನಸ್ತೈತಿ, ನಾಟಕದ ಕಡೀಕ ಅವರು ಮುಗತಾಯನ ತಿರುವಿ ತಿರುವಿ ನೋಡತಾರ. ಆದ್ರೂ ನನ್ನ ಸಿಟ್ಟು ಇಳೀಲಿಲ್ಲ. ಯಾದ್ಯಾಗ ಬರದೀನಿ, ನಿಮ್ಮ ಸಂಗಟ ಜಗಳಾಡಾಕ ಬೇಕಲ್ಲ.

ನನ್ನ ಮಗಳು ಓದೂದು ಇಂಗ್ಲಿಷ್ ಮಾಟದ ಸಾಲಿ ಕಥಿ, ಹ್ಯಾರಿ ಪಾಟರ್. ನನಗ ಅಷ್ಟು ಇಂಗ್ಲಿಷ್ ಬರೂದಿಲ್ಲ, ಆಕಿ ಓದಿ ಹೇಳತಾಳ, ನಾ ಅಕ್ಕಿ ಆರಸ್ತೀನಿ. ತಾಯಿಲ್ಲದ ಹುಡುಗ ದೊಡ್ಡವ್ವನ ಮನ್ಯಾಗ ಪಾವಟಿಗಿ ಕೆಳಗಿನ ಗೂಡಿನ್ಯಾಗ ಮಲಗೂದು ಕೇಳಿ ನನಗ ಛಲೋ ಅನಸ್ತು. ಅಂದ್ರ ಕಥಿ ಛಲೋ ಅನಸ್ತು, ಮಲಗೂದಲ್ಲ. ಸಾಲ್ಯಾಗ ಊಟ ತಾನ ತಾಟಿನ್ಯಾಗ ಬರತೈತಿ ಅಂದ್ಳು. "ತಾನ ಬರತೈತಾ? ಯಾರ ಮಾಡ್ತಾರ?" ಅಂದೆ. ಒಂದೆರಡು ಪುಸ್ತಕ ಆದ ಮ್ಯಾಲೆ ಓಡಿ ಬಂದು, "ಅವ್ವಾ, ಕೆಳಗ ಅಡಗಿ ಮನ್ಯಾಗ ಸಣ್ಣ ಸಣ್ಣ ಆಳುಗಳು ಮಾಡತಾವಂತ. ಪಗಾರಿಲ್ಲ, ರಜಾ ಇಲ್ಲ. ನಿನ್ನಂಗ" ಅಂದ್ಳು. ಅಕ್ಕಿಯಾಗಿನ ಹಳ್ಳು ಬಿಟ್ಟು ಆಕಿ ಮಾರಿ ನೋಡಿದೆ. ಅವುಕ್ಕ ಪಗಾರ ಕೊಡ್ರಿ ಅಂತ ಒಬ್ಬ ಹುಡುಗಿ ಚೀಟಿ ಹಚ್ಚಕೋಂತ ತಿರಗತಾಳಂತ, ಎಲ್ಲಾರೂ ನಗತಾರಂತ. ಬಂಡಾಯದ ಪುಸ್ತಿಕ್ಯಾಗ ಇಲ್ಲದ ಅಡಗಿಮನಿ ಈ ಮಾಟದ ಕಥ್ಯಾಗ ಐತಿ.

ತೇಜಸ್ವಿಯವರ 'ಕರ್ವಾಲೊ' ಬಗ್ಗೆ ಎರಡ ಮಾತು. 1980ರಾಗ ಬಂದದ್ದು. ಹಾರೂ ಓತಿ ಹುಡುಕ್ಕೋಂತ ಕಾಡಿಗೆ ಹೋಗೂ ಕಥಿ. ಓತಿಕ್ಯಾತ ಎಲ್ಲೆರೆ ಹಾರತೈತೇನು, ಪುರಾಣ ಅಂತ ನಾ ಅಂದಕೊಂಡಿದ್ದೆ. ಮಲೆನಾಡಿನ ಗಿಡದಾಗ ಖರೇನ ಐತಂತ, ಪಕ್ಕಡಿ ಮಗ್ಗಲದ ಚರ್ಮ ಬಿಚ್ಚಿ ಗಿಡದಿಂದ ಗಿಡಕ್ಕ ತೇಲತೈತಿ. ನೋಡ್ರಿ, ಕಾದಂಬರ್ಯಾಗಿನ ಹಾರೂ ಪ್ರಾಣಿ ಖರೇ, ಖರೇ ಪುಸ್ತಕದಾಗಿನ ಗುಡ್ಡದ ತುದಿ ಮನಶ್ಯಾ ಸುಳ್ಳು. ಹೆಣ್ಮಕ್ಕಳಿಗೆ ಅದರಾಗ ಜಾಗಾ ಕಡಿಮಿ, ಅದೊಂದು ನನ್ನ ತಕರಾರು. ಕಂಬಾರರ 'ಶಿಖರಸೂರ್ಯ' ಅರ್ಧಕ್ಕ ನಿಂತೈತಿ. ಔಷಧಿ ವಿದ್ಯೆ ಕಲತಾಂವ ಅದನ್ನ ಅಧಿಕಾರಕ್ಕ ಬಳಸೂ ಕಥಿ ಛಲೋ ಐತಿ, ಆದ್ರ ಭಾಳ ದಪ್ಪ, ಕಡ್ಲಿ ಬಿತ್ತಿಗಿ ಬಂತು, ಅಷ್ಟ.

ಭಾವಾರು ಮತ್ತ ಒಂದು ಮಾತು ಅಂದಿದ್ರು. "ಸುಧಾ ಮೂರ್ತಿ ಪುಸ್ತಕ ತರ್ರಿ, ನಮ್ಮ ಕಡೆಯವರು, ಅನುಭವ ಬರೀತಾರ, ಅದು ಉಪಯೋಗ." ಆತು, ತಂದಿವಿ. ಶಿಗ್ಗಾಂವದಾಗ ಹುಟ್ಟಿ ಹುಬ್ಬಳ್ಳ್ಯಾಗ ಬೆಳದ ಹೆಣಮಗಳು, ನಮಗೂ ಅಭಿಮಾನ ಐತಿ. ಅವರ ಎಷ್ಟೋ ಬರಹ ಮುಗಿಯೂದ್ರಾಗ ಒಂದು ಬುದ್ಧಿಮಾತು ಬಂದು ಕುಂದರತೈತಿ, ಅದು ನನಗ ಸೇರೂದಿಲ್ಲ. ಆದ್ರ ಅಜ್ಜಿಗೆ ಓದಾಕ ಕಲಸಿದ್ದು ಬರದಾರಲ್ಲ, ಅದನ್ನ ಭಾವಾರು ಓದ್ಯಾರೋ ಇಲ್ಲೋ? 'ಕರ್ಮವೀರ'ದಾಗ ತ್ರಿವೇಣಿಯವರ 'ಕಾಶೀಯಾತ್ರೆ' ವಾರ ವಾರ ಬರತಿತ್ತು. ಅಜ್ಜಿಗೆ ಓದಾಕ ಬರತಿದ್ದಿಲ್ಲ, ಮೊಮ್ಮಗಳು ಓದಿ ಹೇಳತಿದ್ಳು. ಒಮ್ಮೆ ಮೊಮ್ಮಗಳು ಮದಿವಿಗೆ ಅಂತ ಪರ ಊರಿಗೆ ಹ್ವಾದ್ಳು, ಪೇಪರ್ ಬಂತು, ಅಜ್ಜಿ ಅಕ್ಷರದ ಮ್ಯಾಲೆ ಕೈ ಆಡಿಸಿ ಆಡಿಸಿ ಅತ್ತಳು. 62ನೇ ವಯಸ್ಸಿನ್ಯಾಗ ಅ ಆ ಇ ಈ ಸುರು ಮಾಡಿ ದಸರಾದಷ್ಟೊತ್ತಿಗೆ ಓದಾಕ ಕಲತಳು. ಕಲತ ಮ್ಯಾಲೆ ಮೊಮ್ಮಗಳ ಕಾಲು ಮುಟ್ಟಿ ನಮಸ್ಕಾರ ಮಾಡಿದ್ಳು, ಗುರು ಅಂತ.

ಆ ಅಜ್ಜಿ ಅಕ್ಷರ ಕಲತದ್ದು ಎದಕ್ಕ? ಬಸ್ಸಿನ ಬೋರ್ಡ್ ಓದಾಕಲ್ಲ, ಪಾಸ್‌ಬುಕ್ ಓದಾಕಲ್ಲ, ಧಂದೆ ಮಾಡಾಕಲ್ಲ. ಕಥಿಗೆ! ಕಾಶಿಗೆ ಹೋಗಬೇಕಂತ ಆಸೆ ಇಟಗೊಂಡು, ಕೂಡಿಸಿದ ರೊಕ್ಕ ಅನಾಥ ಹುಡುಗಿ ಮದಿವಿಗೆ ಕೊಟ್ಟ ಮುದುಕಿ ಕಥಿಗೆ. ಭಾವಾರು ಉಪಯೋಗದ್ದು ಅಂತ ಹೇಳಿದ ಪುಸ್ತಕನ ಕಥಿ ಬೇಕು ಅಂತ ಸಾಕ್ಷಿ ಹೇಳೇತಿ. ನಾ ಇನ್ನೇನ ಹೇಳಲಿ?

ಖರೇ ಪುಸ್ತಕ ಹೆಂಗಿರಬೇಕು ಅಂದ್ರ ಕಾರ್ನಾಡರ 'ಆಡಾಡತ ಆಯುಷ್ಯ'ದ ಮದಲಿನ ಭಾಗ ಓದ್ರಿ. 2011ರಾಗ ಧಾರವಾಡದ ಮನೋಹರ ಗ್ರಂಥಮಾಲಾದವರು ತಂದದ್ದು. ಅವರ ತಾಯಿ ಸಣ್ಣ ವಯಸ್ಸಿನ್ಯಾಗ ಗಂಡನ್ನ ಕಳಕೊಂಡಾಕಿ, ಕೈಯಾಗ ಕೂಸು, ನರ್ಸ್ ಕೆಲಸ ಕಲತಳು, ಡಾಕ್ಟರ್ ಕಾರ್ನಾಡರನ್ನ ಮರುಮದಿವಿ ಆದ್ಳು. ಆ ಕಾಲದಾಗ ಊರು ಏನೇನು ಆಡಿಕೊಂಡಿರಬೇಕು! ಮಗ ಇದನ್ನ ಮುಚ್ಚಲಿಲ್ಲ. ಇನ್ನೂ ಒಂದು ಬರದಾರ. ಒಂದಿನ ಧಾರವಾಡದ ಮನ್ಯಾಗ ಊಟದ ಹೊತ್ತಿನ್ಯಾಗ ತಾಯಿ ಅಂದ್ಳಂತ, ಈ ಮಗ ಬ್ಯಾಡ ಅಂತ ಇದ್ದಿವಿ, ಬಸರು ತಗಸಾಕ ಪುಣೇದಾಗ ದವಾಖಾನಿಗೆ ಹೋಗಿದ್ದಿವಿ, ಡಾಕ್ಟರ್‌ಬಾಯಿ ಬರಲಿಲ್ಲ, ಕಾದು ಕಾದು ಹೊಳ್ಳಿ ಬಂದಿವಿ. ಆ ದಿನ ಬರದ ಡಾಕ್ಟರ್ ಮಧುಮಾಲತಿ ಗುಣೆ ಅವರಿಗೆ ಪುಸ್ತಕ ಅರ್ಪಣಾ ಮಾಡ್ಯಾರ. ಓದಿ ನಾ ಪುಸ್ತಕ ಮುಚ್ಚಿ ಹಿತ್ತಲಕ್ಕ ಹೋಗಿ ನಿಂತೆ. ನಮ್ಮ ಓಣ್ಯಾಗ ಎಷ್ಟು ತಾಯಂದ್ರು ಇಂಥಾ ಮಾತು ನುಂಗಿಕೊಂಡು ಹೋಗ್ಯಾರ? ತಾಯಿಯನ್ನ ದೇವರು ಮಾಡದ ಮನಶ್ಯಾಳಾಗಿ ಬರದದ್ದು ನಾ ಕಂಡದ್ದು ಕಡಿಮಿ. ಮುಂದ ಸಿನಿಮಾದವರ, ದಿಲ್ಲಿಯವರ ಹೆಸರು ಸುರು ಆದ ಮ್ಯಾಲೆ ನನಗ ನಿದ್ದಿ ಬಂತು. ಅದೂ ಖರೇನ.

ಕಡಿಗೆ ಇನ್ನೊಂದು ಕಥಿ. ಇದೂ ರಾಮಾನುಜನ್ ಕೂಡಿಸಿದ್ದ, ಕನ್ನಡದ್ದ. ಒಬ್ಬ ಹೆಣಮಗಳಿಗೆ ಒಂದು ಕಥಿ, ಒಂದು ಹಾಡು ಗೊತ್ತಿತ್ತು. ಆಕಿ ಯಾರಿಗೂ ಹೇಳಲಿಲ್ಲ. ಒಳಗ ಕುಂತು ಕುಂತು ಅವಕ್ಕ ಉಸರು ಕಟ್ಟಿತು. ಒಂದಿನ ಆಕಿ ಬಾಯಿ ತೆರಕೊಂಡು ಮಲಗಿದಾಗ ಹೊರಗ ಬಂದ್ವು. ಕಥಿ ಜೋಡು ಮೆಟ್ಟು ಆಗಿ ಬಾಗಲದಾಗ ಕುಂತಿತು, ಹಾಡು ಗಂಡಸಿನ ಅಂಗಿ ಆಗಿ ಗೂಟಕ್ಕ ತೂಗಬಿತ್ತು. ಗಂಡ ಬಂದು "ಯಾರ ಬಂದಾರ?" ಅಂದ. "ಯಾರೂ ಇಲ್ಲ" ಅಂದ್ಳು. ಸಂಶೇ ಬಂತು, ಜಗಳಾತು. ಅಂವ ಕಂಬಳಿ ತಗೊಂಡು ಹಣಮಪ್ಪನ ಗುಡಿಗೆ ಹೋಗಿ ಮಲಗಿದ. ಊರಾಗ ದೀಪಾ ಆರಿಸಿದ ಮ್ಯಾಲೆ ದೀಪದ ಕುಡಿಗೋಳೆಲ್ಲಾ ಆ ಗುಡ್ಯಾಗ ಕೂಡಿ ಮನಿ ಮನಿ ಸುದ್ದಿ ಹೇಳತಿದ್ವು. ಅವ್ರ ಮನಿ ದೀಪ ತಡಾ ಮಾಡಿ ಬಂದು ಆಗಿದ್ದೆಲ್ಲಾ ಹೇಳ್ತು. ಗಂಡಗ ತಿಳೀತು. ಮುಂಜಾನೆ ಬಂದು "ನಿನ್ನ ಕಥಿ, ಹಾಡು ಏನು?" ಅಂತ ಕೇಳಿದ. ಆಕಿಗೆ ಮರತ ಹೋಗಿತ್ತು. "ಯಾವ ಕಥಿ, ಯಾವ ಹಾಡು?" ಅಂದ್ಳು.

ಇದನ್ನ ಓದಿದ ರಾತ್ರಿ ನನಗ ನಿದ್ದಿ ಬರಲಿಲ್ಲ. ಮರದಿನ ಅತ್ತಿಯವರಿಗೆ ತಲಿಗೆ ಎಣ್ಣಿ ಹಚ್ಚಕೋಂತ ಮತ್ತ ಕೇಳಿದೆ. ಆ ಬಂಡಾಯದ ರಾತ್ರ್ಯಾಗ ರೊಟ್ಟಿ ಒಯ್ಯಾಕ ನಿಮ್ಮ ಸಂಗಟ ಯಾರ ಯಾರ ಇದ್ರು? ಎರಡು ಹೆಸರು ಹೇಳಿದ್ರು, ಇಬ್ಬರೂ ಈಗಿಲ್ಲ. ಮೂರನೇದಾಕಿ ಮಾರಿ ಕಣ್ಣಾಗ ಐತಂತ, ಹೆಸರು ಬರವಲ್ದಂತ. "ಮದಲ ಕೇಳಿದ್ರ ಹೇಳತಿದ್ದೆ ನೋಡವಾ" ಅಂದ್ರು. ಮಗಳು ಈಗ ಅಜ್ಜಿ ಮಾತು ಫೋನಿನ್ಯಾಗ ರೆಕಾರ್ಡ್ ಮಾಡಾಕತ್ತಾಳ. ನಡುನಡುವ ಕುಕ್ಕರ್ ಸೀಟಿ ಕೇಳಸ್ತೈತಿ. ಇರಲಿ.

ಯಾದಿ ಹಂಗ ಐತಿ. ಕಥಿ ಒಂದೂ ತಗಿಯೂದಿಲ್ಲ. ಹೊಲಿಗಿ ಪುಸ್ತಕ ಒಂದು, ಬಾಣಂತಿ-ಕೂಸಿನ ಆರೈಕಿದು ಒಂದು ಬೇಕಂತ ಮೂರು ಮಂದಿ ಹೇಳ್ಯಾರ, ಬರದೀನಿ, ಅದಕ್ಕ ನನ್ನ ತಕರಾರಿಲ್ಲ. ಭಾವಾರ ಹೆಸರಿನ್ಯಾಗೂ ಒಂದು ಪುಸ್ತಕಕ್ಕ ಜಾಗಾ ಬಿಟ್ಟೀನಿ, ಅವರಿಗೆ ಬೇಕಾದ್ದು ಹೇಳಲಿ. ಅಕ್ಕನ ಮಗಳ ಯಶಸ್ಸಿನ ಪುಸ್ತಕ ನಾ ವಾಪಸ್ ತಂದೀನಿ. ಟ್ರಂಕಿನ್ಯಾಗ ಇಡೂದಿಲ್ಲ, ಒಗಿಯೂದೂ ಇಲ್ಲ. ಆ ಪೆನ್ಸಿಲ್ ಗೀರು ಇರೂ ತನಕ ನನ್ನ ಕಪಾಟಿನ್ಯಾಗ ಇರತೈತಿ. ಆಕಿ ಬದಲಿಗೆ ಹೂವಿನ ಗಿಡದ ಕಥಿ ಇರೂ ಪುಸ್ತಕ ಕೇಳ್ಯಾಳ.

ಸೋಮವಾರ ಸಂಜಿಕ ನಮ್ಮ ಮನ್ಯಾಗ ಕೂಡೂದೈತಿ. ಎಲ್ಲಾರೂ ಒಂದೊಂದು ಪುಸ್ತಕದ ಹೆಸರು ತರ್ರಿ, ಹೆಸರು ಗೊತ್ತಿಲ್ಲ ಅಂದ್ರ ಯಾವ ಥರದ್ದು ಅಂತ ಹೇಳ್ರಿ, ಹುಡುಕೂಣು. ಟ್ರಂಕು ನಮ್ಮ ನೆಗೆಣ್ಣಿ ಕೊಡತಾಳ, ಹಳೇದು, ಜಂಗ್ ತಿಕ್ಕಬೇಕು. ಅದರ ಕೀಲಿ ಯಾರ ಕಡೆ ಇರಬೇಕು ಅನ್ನೂದು ಇನ್ನೂ ಠರಾವು ಆಗಿಲ್ಲ.